ಏಳನೆಯ ಸದಸ್ಯ

ತಾಪತ್ರಯ ಶುರುವಾದದ್ದು ಅರ್ಜಿಯಲ್ಲಿದ್ದ ಒಂದು ಖಾಲಿ ಚೌಕದಿಂದ.

ಸಣ್ಣಪುಟ್ಟ ಸೇವಾ ಗುಂಪುಗಳಿಗೆ ಒಂದು ವರ್ಷದ ಖರ್ಚು ಕೊಡುತ್ತೇವೆ ಎಂದು ಕೊಚ್ಚಿ ಹತ್ತಿರದ ಏಲೂರಿನ ಒಂದು ಕಂಪನಿ ಪ್ರಕಟಣೆ ಹೊರಡಿಸಿತ್ತು. ಆನ್‌ಲೈನ್ ಅರ್ಜಿಯಲ್ಲಿ ಮೂವತ್ತೆಂಟು ಚೌಕಗಳು. ಮೂವತ್ತೇಳನ್ನು ರುದ್ರಪ್ಪ ನಾಲ್ಕು ಸಂಜೆ ಕೂತು ತುಂಬಿದ. ಉಳಿದದ್ದು ‘ಸಂಸ್ಥೆಯ ನೋಂದಣಿ ಸಂಖ್ಯೆ’. ಅದನ್ನು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಸೊನ್ನೆ ಒತ್ತಿ ನೋಡಿದ, ಒಪ್ಪಲಿಲ್ಲ. ಫ್ಲ್ಯಾಟಿನ ಸಂಖ್ಯೆ ಒತ್ತಿ ನೋಡಿದ. ಮೇಷ್ಟ್ರು ತಪ್ಪು ಲೆಕ್ಕಕ್ಕೆ ಹಾಕಿದ ಹಾಗೆ ಚೌಕದ ಸುತ್ತ ಕೆಂಪು ಗೆರೆ ಮೂಡಿತು.

ರುದ್ರಪ್ಪ ಗದಗಿನ ಕಡೆಯವನು. ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗಿನ ಸರಕಿಗೆ ಕಸ್ಟಮ್ಸ್ ಕಾಗದ ಮಾಡಿಕೊಡುವ ಕಚೇರಿಯೊಂದರಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತ. ಎಂಥ ಸರಕಿಗೂ ನಂಬರು ಹುಡುಕಿ ಬರೆಯುವುದೇ ಅವನ ಕಸುಬು. ಆದರೆ ತನ್ನದೇ ಬಳಗಕ್ಕೆ ಮಾತ್ರ ಒಂದು ನಂಬರು ಇರಲಿಲ್ಲ.

ಬಳಗದ ಹೆಸರು ‘ಜೊತೆ’. ರಾಯಚೂರು, ಯಾದಗಿರಿ, ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಕೊಚ್ಚಿಗೆ ಬಂದವರು ಕಾಯಿಲೆ ಬಿದ್ದರೆ ಮಲಯಾಳಂ ಬಾರದೆ ಒದ್ದಾಡುತ್ತಾರೆ. ಅವರ ಜೊತೆ ಆಸ್ಪತ್ರೆಗೆ ಹೋಗಿ, ರೋಗಿ ಹೇಳಿದ್ದನ್ನು ಡಾಕ್ಟರಿಗೂ ಡಾಕ್ಟರು ಹೇಳಿದ್ದನ್ನು ರೋಗಿಗೂ ತಿಳಿಸುವ ಎಂಟು ಹತ್ತು ಮಂದಿಯ ಗುಂಪು ಅದು. ಎಲ್ಲರಿಗೂ ನೌಕರಿಯಿದೆ, ಹಾಗಾಗಿ ಎಲ್ಲರೂ ರಜೆಯ ದಿನದ ಸಮಾಜಸೇವಕರು. ದಿನವೂ ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದವರು ಜಾಯ್ಸ್ ಸಿಸ್ಟರ್ ಒಬ್ಬರೇ. ಮಂಗಳೂರಿನವರು, ನರ್ಸ್ ಆಗಿದ್ದವರು. ಗಂಡ ತೀರಿಕೊಂಡ ಮೇಲೆ ಮಗಳ ಓದಿಗಾಗಿ ಎರ್ನಾಕುಲಂನಲ್ಲೇ ಉಳಿದವರು. ಮೂರು ವರ್ಷ ಬಸ್ ಚಾರ್ಜಿನ ಮೇಲೆ ಬಂದರು. ಕಳೆದ ತಿಂಗಳು ಬಹಳ ಸಂಕೋಚದಿಂದ ಬಾಯಿ ಬಿಟ್ಟಿದ್ದರು.

“ರುದ್ರಪ್ಪಣ್ಣ, ಬೇಜಾರು ಮಾಡ್ಬೇಡಿ. ಸಂಬಳ ಇಲ್ಲದೆ ಇನ್ನು ಮುಂದೆ ಆಗ್ಲಿಕ್ಕಿಲ್ಲ. ಮಗಳು ಎರಡನೇ ವರ್ಷಕ್ಕೆ ಬಂದಳು ನೋಡಿ.”

“ಒಂದು ತಿಂಗಳು ಟೈಮ್ ಕೊಡ್ರಿ ಸಿಸ್ಟರ್. ಏನರ ಮಾಡ್ತೀನಿ,” ಎಂದಿದ್ದ ರುದ್ರಪ್ಪ. ಆ ‘ಏನರ’ ಎಂಬುದೇ ಈಗ ಕೆಂಪು ಗೆರೆಯೊಳಗೆ ಸಿಕ್ಕಿಬಿದ್ದಿತ್ತು.

ದಾರಿ ತೋರಿಸಿದವಳು ಜೀವಿತಾ. ಕಾಸರಗೋಡಿನ ಹುಡುಗಿ, ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ, ಬಳಗದ ಕಂಪ್ಯೂಟರ್ ಮಂತ್ರಿ.

“ಅಂಕಲ್, ರಿಜಿಸ್ಟರ್ ಮಾಡ್ಲಿಕ್ಕೆ ಹೊರಟ್ರೆ ಆರು ತಿಂಗಳು ಹೋಗ್ತದೆ. ಅದರ ಬದಲು ರಿಜಿಸ್ಟರ್ ಆಗಿರುವ ಒಂದು ಟ್ರಸ್ಟ್ ನಮ್ಮನ್ನು ಅವರ ಕೊಡೆ ಅಡಿಗೆ ತಗೊಳ್ತದೆ. ಕಂಪನಿಯವರು ಹಣ ಅವರಿಗೆ ಕೊಡುದು, ಆಡಿಟು ಗೀಡಿಟು ಅವರು ನೋಡುದು, ಕೆಲಸ ನಾವು ಮಾಡುದು. ಇದಕ್ಕೆ ಫಿಸ್ಕಲ್ ಸ್ಪಾನ್ಸರ್‌ಶಿಪ್ ಅಂತ ಹೇಳ್ತಾರೆ.”

“ಅಂದ್ರ ಬಾಡಿಗಿ ಮನ್ಯಾಗ ಇದ್ದು ಸಂಸಾರ ಮಾಡೂದು ಅನ್ನು.”

“ಹಾಗೇ ಇಟ್ಕೊಳ್ಳಿ. ತಿರುವನಂತಪುರದಲ್ಲಿ ‘ವಲಿಯ ಕುಡ’ ಅಂತ ಟ್ರಸ್ಟ್ ಉಂಟು. ಹೆಸರೇ ದೊಡ್ಡ ಕೊಡೆ. ಅದರ ಸಮಿತಿಯಲ್ಲಿ ಒಬ್ರು ಕನ್ನಡದವರೂ ಇದ್ದಾರೆ.”

ಆ ಕನ್ನಡದವರು ಶಂಕರನಾರಾಯಣ. ಮೈಸೂರಿನವರು, ಬಾಹ್ಯಾಕಾಶ ಸಂಸ್ಥೆಯಲ್ಲಿ ಮೂವತ್ತು ವರ್ಷ ದುಡಿದು ತಿರುವನಂತಪುರದಲ್ಲೇ ನೆಲೆ ನಿಂತವರು. ಫೋನಿನಲ್ಲಿ ಕನ್ನಡ ಕೇಳಿದ್ದೇ ತಡ ಅವರು ಕರಗಿಹೋದರು. “ಏನೂ ಯೋಚ್ನೆ ಮಾಡ್ಬೇಡಿ ರುದ್ರಪ್ಪನವ್ರೇ. ಗುರುವಾರ ಮಧ್ಯಾಹ್ನ ಮೂರಕ್ಕೆ ಕಮಿಟಿ ಮೀಟಿಂಗು. ಬಂದ್ಬಿಡಿ. ಅರ್ಧ ಗಂಟೆ ಕೆಲ್ಸ.”

ಕಂಪನಿಯ ಅರ್ಜಿ ಮುಚ್ಚುವುದೂ ಅದೇ ಗುರುವಾರ, ಸಂಜೆ ಐದಕ್ಕೆ.

*

ಗುರುವಾರ ಬೆಳಗ್ಗೆ ರುದ್ರಪ್ಪ ಫೈಲು ಹಿಡಿದು ಲಿಫ್ಟಿನ ಹತ್ತಿರ ಬರುವಷ್ಟರಲ್ಲಿ ಎದುರು ಫ್ಲ್ಯಾಟಿನ ಮನೋಜ್ ಬಾಗಿಲು ತೆರೆದರು. ಕೈಯಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಗುಂಡಗಿನ ಏನೋ.

“ಟ್ರಿವೇಂಡ್ರಮ್‌ಗೆ ಹೊರಟ್ರಂತೆ! ನಮ್ ನೇಹಾ ಅಲ್ಲೇ ಟೆಕ್ನೋಪಾರ್ಕಲ್ಲಿ ಇರೋದು. ಕುಕ್ಕರ್ ಇಲ್ದೆ ಮಗು ದಿನಾ ಹೋಟ್ಲಲ್ಲಿ ತಿಂತಿದೆ. ಇದೊಂದು ಕೊಟ್ಬಿಡಿ ಸಾರ್, ಸ್ಟೇಷನ್ ಹತ್ರಾನೇ.”

“ಮನೋಜ್ ಅವರ, ನನಗ ಇವತ್ತು ಸ್ವಲ್ಪ ಗಡಿಬಿಡಿ ಐತಿ…”

“ಐದೇ ನಿಮಿಷ ಸಾರ್.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಂದಾಕಿನಿ, “ನಿಮಗ ಇಲ್ಲ ಅನ್ನಾಕ ಬರೂದಿಲ್ಲ ಅಂತ ಇಡೀ ಬಿಲ್ಡಿಂಗಿಗೇ ಗೊತ್ತೈತಿ,” ಎಂದು ಒಳಗೆ ಹೋದಳು. ರುದ್ರಪ್ಪ ಇಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಲಿಫ್ಟು ಬಂತು, ಕುಕ್ಕರು ಅವನ ಕೈಗೂ ಬಂತು.

ಟೆಕ್ನೋಪಾರ್ಕು ತಿರುವನಂತಪುರ ಸ್ಟೇಷನ್ನಿಗೆ ಎಷ್ಟು ಹತ್ತಿರವೆಂದರೆ, ಅದಕ್ಕಾಗಿ ಊರು ಬರುವ ಮುಂಚೆಯೇ ಕಳಕ್ಕೂಟ್ಟಂನಲ್ಲಿ ರೈಲು ಇಳಿಯಬೇಕು. ಇಳಿದ. ಗೇಟಿನ ಕಾವಲುಗಾರ ಕುಕ್ಕರಿನ ಮುಚ್ಚಳ ತೆಗೆಸಿ, ಒಳಗೆ ಇಣುಕಿ, ವಿಸಿಲನ್ನು ಬಿಚ್ಚಿ ನೋಡಿ, ಆಮೇಲೆ ಹೊರಗೇ ಕೂರಲು ಹೇಳಿದ. ನೇಹಾ ಮೀಟಿಂಗಿನಲ್ಲಿದ್ದಳು. ಬಿಸಿಲಿನಲ್ಲಿ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಗಂಟೆ ಕೂತ ರುದ್ರಪ್ಪನನ್ನು ಕಂಡು ಒಂದಿಬ್ಬರು, ಇಡ್ಲಿ ಇದೆಯೇ ಎಂದು ವಿಚಾರಿಸಿಕೊಂಡು ಹೋದರು.

ನೇಹಾ ಬಂದಳು. ಕನ್ನಡ ಅವಳಿಗೆ ತಿಳಿಯುತ್ತಿತ್ತು, ಆದರೆ ನಾಲಗೆ ಹುಟ್ಟಿ ಬೆಳೆದ ಕೊಚ್ಚಿಯದು. “ಅಯ್ಯೋ ಅಂಕಲ್! ಕುಕ್ಕರ್ ಞಾನ್ ವಾಙ್ಙಿ. ಲಾಸ್ಟ್ ವೀಕ್. ಅಚ್ಛನೋಡು ಪರಞ್ಞಲ್ಲೋ!” ಕುಕ್ಕರು ಕೊಂಡಾಯಿತು, ಅಪ್ಪನಿಗೂ ಹೇಳಿಯಾಯಿತು ಎಂಬ ಈ ಸುದ್ದಿಯನ್ನು ಕೊಟ್ಟು, ಸಾರಿ ಅಂಕಲ್ ಎಂದು ಎರಡು ಸಲ ಹೇಳಿ, ಗೇಟಿನೊಳಗೆ ಮರೆಯಾಗುವ ತನಕ ಕೈ ಬೀಸಿದಳು.

ರುದ್ರಪ್ಪ ಕುಕ್ಕರು ಸಮೇತ ಬಸ್ ಹತ್ತಿದ. ಬಸ್ಸು ಸಿಗ್ನಲ್ಲಿಗೊಂದು ಸಲ ನಿಂತು, ಸಿಗ್ನಲ್ ಇಲ್ಲದ ಕಡೆಯೂ ಅಭ್ಯಾಸಬಲದಿಂದ ನಿಂತು, ಅವನನ್ನು ಪಾಳಯಂನಲ್ಲಿ ಇಳಿಸಿದಾಗ ಎರಡೂವರೆ. ಊಟದ ಯೋಚನೆ ಬಿಟ್ಟು ಆಟೋ ಹಿಡಿದ.

“ವಂಜಿಯೂರು. ಕೋರ್ಟಿನ ಹಿಂದೆ. ಅಲ್ಲೇ ಸ್ವಲ್ಪ ಹೊತ್ತು ಕಾಯಬೇಕು, ಆಮೇಲೆ ಸ್ಟೇಷನ್ನಿಗೆ ಬಿಡಬೇಕು,” ಎಂದು ಮಲಯಾಳಂನಲ್ಲಿ ಹೇಳಿದ. ಅವನ ಮಲಯಾಳಂ ಬಂದರಿನಲ್ಲಿ ಕಲಿತದ್ದು, ಧಾಟಿ ಗದಗಿನದು. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಉತ್ತರ ಕೊಡುತ್ತಾರೆ. ಆಟೋ ಓಡಿಸುತ್ತಿದ್ದ ಸುಗುಣನ್ ಚೇಟ್ಟನ್, ಅಂದರೆ ಸುಗುಣಣ್ಣ, ನಗಲಿಲ್ಲ. ದಾರಿಯುದ್ದಕ್ಕೂ ಬೆಲೆ ಏರಿಕೆ, ಪೆನ್ಷನ್ನು, ಬಂದರು, ಕಡಲು ಎಲ್ಲದರ ಮೇಲೂ ತನ್ನ ಅಭಿಪ್ರಾಯ ತಿಳಿಸಿದ. ರುದ್ರಪ್ಪ ಎಲ್ಲಕ್ಕೂ “ಅದೇ ಅದೇ” ಎಂದ.

*

‘ವಲಿಯ ಕುಡ’ದ ಕಚೇರಿ ಒಂದು ಹಳೆಯ ಹೆಂಚಿನ ಮನೆ. ಮೇಜಿನ ಹಿಂದೆ ಕಚೇರಿಯ ವ್ಯವಸ್ಥಾಪಕಿ, ಎಲ್ಲರಿಗೂ ಅಕ್ಕನಾದ ನಿರ್ಮಲ ಚೇಚಿ ಕೂತಿದ್ದರು. ಕನ್ನಡಕದ ಮೇಲಿನಿಂದ ಮೊದಲು ರುದ್ರಪ್ಪನನ್ನು, ಆಮೇಲೆ ಚೀಲವನ್ನು ನೋಡಿದರು.

“ಅದೇನು?”

“ಕುಕ್ಕರ್ ಚೇಚಿ.”

“ಎಷ್ಟು ಲೀಟರು?”

“ಐದು.” ಯಾಕೆ ಕೇಳಿದರೆಂದು ಅವನಿಗೆ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ನಿರ್ಮಲ ಚೇಚಿ ಪುಸ್ತಕ ತೆಗೆದು, ‘ಪ್ರೆಶರ್ ಕುಕ್ಕರ್ ಒಂದು, ಹೊಸದು, ದಾನ’ ಎಂದು ಬರೆದು, ಮೊಹರು ಒತ್ತಿ, ಹರಿದು ಅವನ ಕೈಗೆ ಕೊಟ್ಟಾಗಿತ್ತು. ಒಳಗಿನಿಂದ ಯಾರೋ ಬಂದು ಕುಕ್ಕರನ್ನು ಅಡುಗೆಮನೆಗೆ ಒಯ್ದರು.

“ಚೇಚಿ, ಅದು…”

“ಈ ಕಚೇರಿ ಶುರುವಾಗಿ ಹದಿನಾಲ್ಕು ವರ್ಷ,” ಎಂದು ಹಿಂದಿನಿಂದ ಒಂದು ಗಂಭೀರ ಧ್ವನಿ ಬಂತು. ಬಿಳಿ ಜುಬ್ಬಾದ, ಎತ್ತರದ ಮುದುಕರು. ಟ್ರಸ್ಟಿನ ಅಧ್ಯಕ್ಷ ಕುರುವಿಳ ಸಾರ್, ನಿವೃತ್ತ ಹೈಸ್ಕೂಲ್ ಹೆಡ್‌ಮಾಸ್ಟರು. “ಎಷ್ಟೋ ಗುಂಪುಗಳು ಬಂದವು. ಎಲ್ಲರೂ ಕೇಳಲು ಬಂದವರೇ. ಕೊಡುತ್ತಾ ಬಂದವರು ನೀವೇ ಮೊದಲು.” ಅವರ ಕಣ್ಣು ಒದ್ದೆಯಾಗಿತ್ತು. ಒದ್ದೆ ಕಣ್ಣಿನ ಎದುರು ಕುಕ್ಕರು ವಾಪಸ್ ಕೇಳುವಷ್ಟು ಗಟ್ಟಿ ಎದೆ ರುದ್ರಪ್ಪನಿಗೆ ಇರಲಿಲ್ಲ.

“ಬನ್ನಿ ಬನ್ನಿ ರುದ್ರಪ್ಪನವ್ರೇ!” ಎನ್ನುತ್ತಾ ಶಂಕರನಾರಾಯಣ ಹೊರಗೆ ಬಂದರು. “ಎಲ್ಲಾ ರೆಡಿ ಇದೆ. ನಿಮ್ದು ಇಪ್ಪತ್ನಾಲ್ಕನೇ ಐಟಮ್ಮು. ಒಂದೇ ಒಂದು ಸಣ್ಣ ತೊಡಕು ಅಷ್ಟೇ.”

ಸಣ್ಣ ತೊಡಕು ಹೀಗಿತ್ತು. ಸಭೆ ನಡೆಯಬೇಕಾದರೆ ಏಳು ಸದಸ್ಯರು ಇರಬೇಕು. ಇದ್ದವರು ಆರು. ಇಬ್ಬರು ಮಕ್ಕಳ ಮನೆಗೆಂದು ಗಲ್ಫಿಗೆ ಹೋಗಿದ್ದರು, ಒಬ್ಬರು ತೀರಿಕೊಂಡಿದ್ದರು. ಕೋರಂ ಇಲ್ಲದೆ ನಾಲ್ಕು ತಿಂಗಳಿಂದ ಒಂದು ತೀರ್ಮಾನವೂ ಆಗಿರಲಿಲ್ಲ. ಈ ಟ್ರಸ್ಟಿನ ನೆರಳಲ್ಲಿ ಬದುಕುವ ಇಪ್ಪತ್ತಮೂರು ಸಣ್ಣ ಗುಂಪುಗಳಿಗೆ ಬಂದ ನೆರವೆಲ್ಲ ನಿರ್ಮಲ ಚೇಚಿಯ ಕಪಾಟಿನಲ್ಲಿ, ಸಹಿ ಕಾಯುತ್ತಾ ಕೂತಿತ್ತು.

ರುದ್ರಪ್ಪ ಗೋಡೆಯ ಗಡಿಯಾರ ನೋಡಿದ. ಮೂರೂ ಹತ್ತು. ಫೋನು ಅದುರಿತು, ಜೀವಿತಾ. “ಅಂಕಲ್, ಅರ್ಜಿ ಓಪನ್ ಮಾಡಿ ಕೂತಿದ್ದೇನೆ. ಒಪ್ಪಿಗೆ ಪತ್ರದ ಫೋಟೋ ಬಂದ ಕೂಡ್ಲೆ ಟ್ರಸ್ಟಿನ ನಂಬರ್ ಸಮೇತ ಹಾಕ್ತೇನೆ. ಎಷ್ಟು ಹೊತ್ತು?”

“ಒಬ್ಬಾವ ಸತ್ತಾನವಾ. ಅವನ ಜಾಗಾ ತುಂಬೂತನಕಾ,” ಎಂದು ಅವನು ಫೋನು ಇಟ್ಟ.

ತುಂಬುವ ದಾರಿಯನ್ನೂ ಶಂಕರನಾರಾಯಣರೇ ಕಂಡುಹಿಡಿದರು. ಖಾಲಿಯಾದ ಸದಸ್ಯನ ಸ್ಥಾನ ತುಂಬುವುದಕ್ಕೆ ಮಾತ್ರ ಕೋರಂ ಬೇಕಿಲ್ಲ ಎಂದು ನಿಯಮದಲ್ಲೇ ಇತ್ತು. ಇದ್ದಷ್ಟು ಜನ ಆರಿಸಿಕೊಳ್ಳಬಹುದು.

“ಹಾಗಾದರೆ ಯಾರನ್ನು?” ಎಂದರು ಕುರುವಿಳ ಸಾರ್. ಹೇಳುತ್ತಲೇ ಅವರ ದೃಷ್ಟಿ ರುದ್ರಪ್ಪನ ಮೇಲೆ ನಿಂತಿತು. ಆರು ಜನರೂ ತಿರುಗಿದರು. ಹೆಣ್ಣು ನೋಡಲು ಬಂದವರ ಎದುರು ಕೂತ ಹಾಗಾಯಿತು ಅವನಿಗೆ.

“ಇಂಥ ಕೊಡುಗೈ ಮನುಷ್ಯ ನಮಗೆ ಇನ್ನೆಲ್ಲಿ ಸಿಗುತ್ತಾರೆ?”

“ಒಪ್ಕೊಳ್ಳಿ ರುದ್ರಪ್ಪನವ್ರೇ,” ಎಂದು ಶಂಕರನಾರಾಯಣ ಕಿವಿಯಲ್ಲಿ ಹೇಳಿದರು. “ನೀವು ಸೇರಿದ್ರೆ ಏಳು ಜನ ಆಯ್ತು, ಮೀಟಿಂಗ್ ನಡೀತದೆ, ನಿಮ್ ಕೆಲ್ಸಾನೂ ಆಗ್ತದೆ.”

ರುದ್ರಪ್ಪ ಸಹಿ ಹಾಕಿದ. ಚಪ್ಪಾಳೆ ಬಿತ್ತು. ಚಹಾ, ಪಳಂಪೊರಿ ಬಂದವು. ಬೆಳಗಿನಿಂದ ಏನೂ ತಿನ್ನದ ಅವನು ಬಾಳೆಹಣ್ಣಿನ ಆ ಬಿಸಿ ಬಜ್ಜಿಯನ್ನು ಒಂದು ಕೈಯಲ್ಲಿ ತಿನ್ನುತ್ತಾ ಇನ್ನೊಂದು ಕೈಯನ್ನು ಎತ್ತಲು ಶುರು ಮಾಡಿದ.

ಎತ್ತುವುದು ಬಹಳವಿತ್ತು. ವೈಪಿನ್ ದ್ವೀಪದಲ್ಲಿ ಹಿನ್ನೀರಿನ ದಡ ಕಾಯುವ ಕಾಂಡ್ಲಾ ಗಿಡ ನೆಡುವವರು, ಕೈ ಎತ್ತಿದ. ಕಣ್ಣು ಕಾಣದವರ ಹಾಡಿನ ತಂಡ, ಎತ್ತಿದ. ಬೀದಿನಾಯಿಗಳಿಗೆ ಚುಚ್ಚುಮದ್ದು ಹಾಕುವವರು, ಎತ್ತಿದ. ಪಾಲಕ್ಕಾಡಿನಲ್ಲಿ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವವರು, ಎತ್ತಿದ. ಒಂದೊಂದು ಗುಂಪಿನ ಬಗ್ಗೆಯೂ ಕುರುವಿಳ ಸಾರ್ ತರಗತಿಯಲ್ಲಿ ಪಾಠ ಓದಿದ ಹಾಗೆ ನಿಧಾನವಾಗಿ ಓದಿದರು. ಒಂದೊಂದು ಒಪ್ಪಿಗೆಯಾದ ತಕ್ಷಣ ನಿರ್ಮಲ ಚೇಚಿ ಆಯಾ ಗುಂಪಿಗೆ ಮೆಸೇಜು ಕಳಿಸುತ್ತಿದ್ದರು. ರುದ್ರಪ್ಪನ ತೋಳು ನೋಯತೊಡಗಿತು. ಆದರೂ ಮನಸ್ಸಿನೊಳಗೆ ಎಲ್ಲೋ ಒಂದು ಕಡೆ ಅವನಿಗೆ ಹಿತವೂ ಆಗಿತ್ತು. ಕೆಂಪು ಗೆರೆಯ ಚೌಕದ ಎದುರು ತನ್ನ ಹಾಗೆ ಕೂತವರು ಇಪ್ಪತ್ತಮೂರು ಕಡೆ ಇದ್ದರು, ಅವನು ಕೈ ಎತ್ತಿದಷ್ಟಕ್ಕೇ ಅವರಿಗೆಲ್ಲ ಮುಂದಿನ ಪುಟ ತೆರೆದುಕೊಳ್ಳುತ್ತಿತ್ತು.

ನಾಲ್ಕೂ ಇಪ್ಪತ್ತಕ್ಕೆ ಇಪ್ಪತ್ತನಾಲ್ಕನೆಯ ಐಟಮ್ಮು ಬಂತು. ‘ಕೊಚ್ಚಿಯ ಜೊತೆ ಬಳಗ.’ ಏಳು ಕೈಗಳು ಒಟ್ಟಿಗೆ ಎದ್ದವು.

ನಿರ್ಮಲ ಚೇಚಿ ಕೆಮ್ಮಿದರು.

“ನಿಯಮ ಹದಿನಾಲ್ಕು. ಸಮಿತಿಯ ಸದಸ್ಯರ ಸ್ವಂತ ಗುಂಪಿಗೆ ಟ್ರಸ್ಟು ಆಸರೆ ಕೊಡುವಂತಿಲ್ಲ.”

ಎದ್ದ ಕೈಗಳು ಒಂದೊಂದಾಗಿ ಇಳಿದವು. ಎಲ್ಲಕ್ಕಿಂತ ಕೊನೆಗೆ ಇಳಿದದ್ದು ರುದ್ರಪ್ಪನದು.

“ಮೊದಲೇ ಹೇಳಬಾರದಿತ್ತೇ ಚೇಚಿ?” ಎಂದರು ಶಂಕರನಾರಾಯಣ.

“ನನ್ನನ್ನು ಯಾರು ಕೇಳಿದರು? ಬರೆದುಕೋ ಅಂದಿರಿ, ಬರೆದುಕೊಂಡೆ.”

ಕುರುವಿಳ ಸಾರ್ ಕನ್ನಡಕ ತೆಗೆದು ಒರೆಸಿದರು. “ನಿಯಮ ಸರಿಯಾಗಿಯೇ ಇದೆ. ನಾನೇ ಬರೆದದ್ದು.”

“ಹಾಗಾದರೆ ನಾನು ರಾಜೀನಾಮೆ ಕೊಡುತ್ತೇನೆ. ಈಗಲೇ,” ಎಂದ ರುದ್ರಪ್ಪ.

ಕೊಟ್ಟ. ರಾಜೀನಾಮೆಯನ್ನು ಸಭೆ ಒಪ್ಪಬೇಕಿತ್ತು. ಅವನೂ ಸೇರಿ ಏಳು ಜನ ಇದ್ದುದರಿಂದ ಒಪ್ಪಿತು. ಅವನ ಅಮೂಲ್ಯ ಸೇವೆಯನ್ನು ಸ್ಮರಿಸಿ ವಂದನಾರ್ಪಣೆಯೂ ಆಯಿತು. ಸೇವೆಯ ಅವಧಿ ಒಂದು ಗಂಟೆ ಐದು ನಿಮಿಷ. ಆಮೇಲೆ ಇಪ್ಪತ್ತನಾಲ್ಕನೆಯ ಐಟಮ್ಮನ್ನು ಮತ್ತೆ ಎತ್ತಿಕೊಳ್ಳಲು ಹೋದರೆ, ಮೇಜಿನ ಸುತ್ತ ಆರೇ ಜನ.

“ಕೋರಂ ಇಲ್ಲ,” ಎಂದರು ನಿರ್ಮಲ ಚೇಚಿ.

ಫೋನು ಅದುರಿತು. “ಅಂಕಲ್, ನಾಲ್ಕೂವರೆ ಆಯ್ತು!”

“ಇನ್ನೊಬ್ಬಾವ ಹೋದ ತಂಗೀ. ನಾನ ಹೋದೆ.”

ಅವನಿಗೆ ಅಳು ಬರುವ ಹಾಗಾಗಿತ್ತು, ನಗುವೂ ಬರುವ ಹಾಗಾಗಿತ್ತು. ಎರಡಕ್ಕೂ ಪುರುಸೊತ್ತು ಇರಲಿಲ್ಲ. ಖಾಲಿ ಸ್ಥಾನ ತುಂಬಲು ಕೋರಂ ಬೇಕಿಲ್ಲ. ಬೇಕಾದ್ದು ಒಬ್ಬ ಮನುಷ್ಯ. ಕೇರಳದಲ್ಲಿ ವಾಸ, ಹದಿನೆಂಟು ತುಂಬಿರಬೇಕು, ಸಾರ್ವಜನಿಕ ವಿಷಯಗಳಲ್ಲಿ ಆಸಕ್ತಿ ಇರಬೇಕು ಎಂದು ನಿರ್ಮಲ ಚೇಚಿ ಓದಿ ಹೇಳಿದರು. ಮೂರನೆಯ ಅರ್ಹತೆ ಕೇಳಿದ್ದೇ ರುದ್ರಪ್ಪ ಹೊರಗೆ ಓಡಿದ. ಆಟೋದ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದ ಸುಗುಣನ್ ಚೇಟ್ಟನನ್ನು ಕೈ ಹಿಡಿದು ಎಬ್ಬಿಸಿದ.

“ಚೇಟ್ಟಾ, ಒಂದು ಉಪಕಾರ ಆಗಬೇಕು. ಒಳಗೆ ಬಂದು ಒಂದು ಸಹಿ, ಒಂದು ಸಲ ಕೈ ಎತ್ತುವುದು, ಅಷ್ಟೇ.”

ಸುಗುಣನ್ ಬಂದ. ಸಹಿ ಹಾಕಿದ. ಚಪ್ಪಾಳೆ ಬಿತ್ತು. ಖುರ್ಚಿಯಲ್ಲಿ ಕೂತ. ಕುರುವಿಳ ಸಾರ್ ಇಪ್ಪತ್ತನಾಲ್ಕನೆಯ ಐಟಮ್ಮು ಓದಿದರು. ಆರು ಕೈಗಳು ಎದ್ದವು. ಏಳನೆಯ ಕೈ ಗದ್ದದ ಕೆಳಗೆ ಹೋಯಿತು.

“ಒಂದು ನಿಮಿಷ,” ಎಂದ ಸುಗುಣನ್. “ಸದಸ್ಯನಾದ ಮೇಲೆ ಕೇಳಬೇಡವೇ? ಈ ಗುಂಪು ನಿಜಕ್ಕೂ ಏನು ಮಾಡುತ್ತದೆ? ಕನ್ನಡದವರಿಗೆ ಮಾತ್ರ ಯಾಕೆ? ಬಂಗಾಳಿಗಳು ಮನುಷ್ಯರಲ್ಲವೇ? ಇದು ಸರ್ಕಾರ ಮಾಡಬೇಕಾದ ಕೆಲಸವಲ್ಲವೇ?”

ಕುರುವಿಳ ಸಾರ್ ಅವರ ಮುಖ ಅರಳಿತು. “ಒಳ್ಳೆಯ ಪ್ರಶ್ನೆ. ಹದಿನಾಲ್ಕು ವರ್ಷದಲ್ಲಿ ಈ ಸಮಿತಿಯಲ್ಲಿ ಯಾರೂ ಹೀಗೆ ಕೇಳಿದವರಿಲ್ಲ.”

ಸರ್ಕಾರದ ಹೊಣೆಯ ಬಗ್ಗೆ ಐದು ನಿಮಿಷ ಚರ್ಚೆ ಆಯಿತು. ಶಂಕರನಾರಾಯಣರೂ ಅದರಲ್ಲಿ ಸೇರಿಕೊಂಡರು. ಗಡಿಯಾರ ನಾಲ್ಕೂ ನಲವತ್ತನಾಲ್ಕು ತೋರಿಸಿತು. ರುದ್ರಪ್ಪ ಎದ್ದು ನಿಂತ. ಅವನ ಧ್ವನಿಯಲ್ಲಿ ವಾದಿಸುವ ಶಕ್ತಿ ಉಳಿದಿರಲಿಲ್ಲ. ಸುಮ್ಮನೆ ನಡೆದದ್ದನ್ನು ಹೇಳಿದ.

“ಐದು ವರ್ಷದ ಹಿಂದಿನ ಮಾತು ಚೇಟ್ಟಾ. ಯಾದಗಿರಿಯವನು ಒಬ್ಬ, ಕಟ್ಟಡದ ಸುತ್ತ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಸೀಳಿಕೊಂಡು ಆಸ್ಪತ್ರೆಗೆ ಬಂದ. ರಕ್ತ ಸುರಿಯುತ್ತಿದೆ. ಕಾಲು ತೋರಿಸಿ ‘ಪಟ್ಟಿ, ಪಟ್ಟಿ’ ಅಂದ. ನಮ್ಮ ಕಡೆ ಪಟ್ಟಿ ಅಂದರೆ ಗಾಯಕ್ಕೆ ಸುತ್ತುವ ಬಟ್ಟೆ.”

ಮಲಯಾಳಂನಲ್ಲಿ ಪಟ್ಟಿ ಎಂದರೆ ನಾಯಿ.

“ನಾಯಿ ಕಚ್ಚಿದ್ದಕ್ಕೆ ಕೊಡುವ ಇಂಜೆಕ್ಷನ್ ಕೊಟ್ಟರು. ಅವನು ಮತ್ತೆ ‘ಪಟ್ಟಿ’ ಅಂದ. ಎಷ್ಟು ನಾಯಿ ಅಂತ ಕೇಳಿದರು. ಅವನಿಗೆ ಅರ್ಥ ಆದದ್ದು ಅವರು ಬೆರಳು ಮಡಿಸಿ ಕೇಳಿದ್ದು ಮಾತ್ರ. ಎಷ್ಟು ಸುತ್ತು ಅಂತ ಕೇಳುತ್ತಾರೆ ಅಂದುಕೊಂಡು ನಾಲ್ಕು ಬೆರಳು ತೋರಿಸಿದ.”

ಸುಗುಣನ್ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ನಿರ್ಮಲ ಚೇಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರುದ್ರಪ್ಪನೂ ಸ್ವಲ್ಪ ನಕ್ಕ.

“ನಾನು ಬೇರೆ ಯಾರನ್ನೋ ನೋಡಲು ಹೋದವನು, ಕನ್ನಡ ಕೇಳಿ ನಿಂತೆ. ಅಷ್ಟು ಹೊತ್ತಿಗೆ ಅವನು ಅಳುತ್ತಿದ್ದ ಚೇಟ್ಟಾ. ಕಾಲಿನ ನೋವಿಗಲ್ಲ. ಎದುರಿಗೆ ಇಷ್ಟು ಜನ ಇದ್ದಾರೆ, ಎಲ್ಲರೂ ಒಳ್ಳೆಯವರೇ, ಆದರೂ ತನ್ನ ಮಾತು ಒಬ್ಬರಿಗೂ ಮುಟ್ಟುತ್ತಿಲ್ಲವಲ್ಲ ಅಂತ. ಅವತ್ತಿನಿಂದ ಶುರುವಾಯಿತು. ಬಂಗಾಳಿ ನನಗೆ ಬರುವುದಿಲ್ಲ. ಬರುತ್ತಿದ್ದರೆ ಅದನ್ನೂ ಮಾಡುತ್ತಿದ್ದೆ.”

ಸುಗುಣನ್ ನಗು ನಿಲ್ಲಿಸಿ ಅವನನ್ನೇ ನೋಡಿದ. ಆಮೇಲೆ ಕೈ ಎತ್ತಿದ.

ನಾಲ್ಕೂ ಐವತ್ತೆರಡಕ್ಕೆ ಪತ್ರಕ್ಕೆ ಸಹಿ ಬಿತ್ತು. ಐವತ್ತಮೂರಕ್ಕೆ ಮೊಹರು ಬಿತ್ತು. ರುದ್ರಪ್ಪ ತೆಗೆದ ಮೊದಲ ಫೋಟೋದಲ್ಲಿ ಅವನ ಹೆಬ್ಬೆರಳು ಮಾತ್ರ ಬಂತು, ಎರಡನೆಯದು ಅಲುಗಿತು. ಮೂರನೆಯದನ್ನು ಸುಗುಣನ್ ತೆಗೆದುಕೊಟ್ಟ. ನಾಲ್ಕೂ ಐವತ್ತೆಂಟಕ್ಕೆ ಜೀವಿತಾ ಫೋನಿನಲ್ಲಿ ಕಿರುಚಿದಳು.

“ಹೋಯ್ತು ಅಂಕಲ್! ಸಬ್ಮಿಟ್ ಆಯ್ತು! ಕಂಪನಿಯ ಮೇಡಂ ಕೂಡ ಈಗಷ್ಟೇ ಮಾತಾಡಿದ್ರು. ಕಾಗದಪತ್ರ ಸರಿ ಇದ್ರೆ ನಮ್ಮದು ಖಾಯಂ ಅಂತೆ. ಒಂದು ವರ್ಷದ ಸಂಬಳ!”

ಕುರುವಿಳ ಸಾರ್ ಅವನನ್ನು ಅಪ್ಪಿಕೊಂಡರು. ಶಂಕರನಾರಾಯಣ, “ನಾನು ಹೇಳ್ಲಿಲ್ವಾ, ಅರ್ಧ ಗಂಟೆ ಕೆಲ್ಸ,” ಎಂದರು. ಅವರ ಮುಖ ನೋಡಿದರೆ ಅವರು ಅದನ್ನು ಮನಸಾರೆ ನಂಬಿದ್ದರು.

*

ಸಂಜೆಯ ಬಿಸಿಲು ಇನ್ನೂ ಪ್ಲಾಟ್‌ಫಾರಂ ಮೇಲೆ ಓರೆಯಾಗಿ ಬಿದ್ದಿತ್ತು. ಎರ್ನಾಕುಲಂನ ಗಾಡಿಗೆ ಅರ್ಧ ಗಂಟೆಯಿತ್ತು. ರುದ್ರಪ್ಪ ಬೆಂಚಿನಲ್ಲಿ ಕೂತು ಬೂಟು ಸಡಿಲಿಸಿದ. ದಣಿವು ಕಾಲಿನಿಂದ ಮೇಲೇರಿ ಈಗ ಹುಬ್ಬಿನವರೆಗೆ ಬಂದಿತ್ತು. ಆದರೂ ಜಾಯ್ಸ್ ಸಿಸ್ಟರಿಗೆ ಸುದ್ದಿಯನ್ನು ತಾನೇ ಹೇಳಬೇಕೆಂದು ಜೀವಿತಾಳ ಬಾಯಿ ಕಟ್ಟಿಹಾಕಿದ್ದ. ಫೋನು ತೆಗೆದ. ಒತ್ತುವ ಮೊದಲೇ ಅದು ಮೊಳಗಿತು, ಅವರದೇ.

“ರುದ್ರಪ್ಪಣ್ಣ, ಎಲ್ಲಿದ್ದೀರಿ? ಒಂದು ವಿಷಯ ಹೇಳ್ಬೇಕಿತ್ತು. ನಿಮಗೇ ಮೊದಲು ಹೇಳುದು.”

“ನಾನೂ ನಿಮಗ ಒಂದು ವಿಷಯ ಹೇಳಬೇಕ್ರೀ ಸಿಸ್ಟರ್. ನೀವ ಮೊದಲ ಹೇಳ್ರಿ,” ಎಂದ ರುದ್ರಪ್ಪ. ಒಳ್ಳೆಯ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಒಂದು ನಿಮಿಷ ಕಾಯುವುದರಲ್ಲಿ ಒಂದು ಸುಖವಿತ್ತು.

“ನಂಗೆ ಕೆಲಸ ಸಿಕ್ತು ಅಣ್ಣ. ನರ್ಸಿಂಗೇ. ಪಾಲಕ್ಕಾಡಲ್ಲಿ, ಹಾಸಿಗೆ ಹಿಡಿದವರ ಮನೆಗೆ ಹೋಗಿ ನೋಡ್ಕೊಳ್ಳುವ ಒಂದು ಸಣ್ಣ ಗುಂಪು ಉಂಟು. ನಾಲ್ಕು ತಿಂಗಳ ಮುಂಚೆಯೇ ಸೆಲೆಕ್ಟ್ ಆಗಿತ್ತು, ಬರ್ತೇನೆ ಅಂತ ಮಾತೂ ಕೊಟ್ಟಿದ್ದೆ. ಆದ್ರೆ ಅವರ ಹಣ ಟ್ರಿವೇಂಡ್ರಮ್‌ನ ಯಾವುದೋ ಟ್ರಸ್ಟಲ್ಲಿ ಸಿಕ್ಕಿ ಹಾಕಿಕೊಂಡಿತ್ತಂತೆ. ಆಗುದಿಲ್ಲ ಅಂತ ನಾನೂ ಆಸೆ ಬಿಟ್ಟಿದ್ದೆ, ಹಾಗೆ ನಿಮ್ಮ ಹತ್ರ ಹೇಳಿರ್ಲಿಲ್ಲ.”

ಹಳಿಯ ಆಚೆ ಒಂದು ಕಾಗೆ ಯಾರೋ ಬಿಸಾಡಿದ ಪೊಟ್ಟಣವನ್ನು ಬಿಚ್ಚುತ್ತಿತ್ತು.

“ಮೀಟಿಂಗಿಗೆ ಜನವೇ ಸಾಕಾಗ್ತಿರ್ಲಿಲ್ಲವಂತೆ,” ಎಂದು ಜಾಯ್ಸ್ ಸಿಸ್ಟರ್ ಸಂತೋಷದಿಂದ ಮುಂದುವರಿಸಿದರು. “ಇವತ್ತು ಮಧ್ಯಾಹ್ನ ಯಾರೋ ಪುಣ್ಯಾತ್ಮ ಬಂದು ಏಳನೆಯವನಾಗಿ ಕೂತ್ಕೊಂಡನಂತೆ. ನಾಲ್ಕು ಗಂಟೆಗೆ ಎಲ್ಲ ಪಾಸಾಯ್ತು. ನಾಲ್ಕೂಕಾಲಿಗೆ ನಂಗೆ ಫೋನ್ ಬಂತು. ಸೋಮವಾರ ಬಂದು ಸೇರ್ಲಿಕ್ಕೆ ಹೇಳಿದ್ರು. ಮಗಳು ಅತ್ತೇ ಬಿಟ್ಟಳು ಅಣ್ಣ, ಖುಷಿಗೆ. ಆ ಮನುಷ್ಯನಿಗೆ ದೇವರು ಒಳ್ಳೇದು ಮಾಡ್ಲಿ.”

“ಮಾಡ್ಲಿ,” ಎಂದ ರುದ್ರಪ್ಪ.

“ನೀವೇನೋ ಹೇಳ್ತೇನೆ ಅಂದ್ರಲ್ಲ?”

ಒಂದು ವರ್ಷದ ಸಂಬಳ ಬಂದಿದೆ ಎಂದರೆ ಆಕೆ ಮಾತು ಮುರಿದು ಇಲ್ಲೇ ಉಳಿದಾರು. ಉಳಿದು, ಆ ವರ್ಷ ಮುಗಿದ ಮೇಲೆ ಮತ್ತೆ ಅದೇ ಸ್ಟೂಲಿನ ಮೇಲೆ ಬಸ್ ಚಾರ್ಜಿನಲ್ಲಿ ಕೂರಬೇಕಾದೀತು. ಅಲ್ಲಿಯಾದರೂ ಅದು ಅವರು ಕಲಿತ ಕೆಲಸ.

“ಏನಿಲ್ರೀ ಸಿಸ್ಟರ್. ತಿರುವನಂತಪುರಕ್ಕ ಬಂದಿದ್ದೆ. ಇಲ್ಲಿ ಪಳಂಪೊರಿ ಭಾಳ ಛಲೋ ಇರ್ತಾವ. ನಿಮಗ ಒಂದೆರಡು ತರ್ತೀನಿ ಅಂತ ಹೇಳಾಂವ ಇದ್ದೆ.”

ಆಕೆ ನಕ್ಕು ಫೋನಿಟ್ಟರು. ಬೆಳಗ್ಗೆ ಹೊರಟಾಗ ಮನುಷ್ಯರಿದ್ದರು, ಸಂಬಳವಿರಲಿಲ್ಲ. ಈಗ ಸಂಬಳವಿತ್ತು. ಕನ್ನಡ, ಮಲಯಾಳಂ, ಆಸ್ಪತ್ರೆ ಮೂರೂ ಬಲ್ಲ ಇನ್ನೊಬ್ಬರನ್ನು ಸೋಮವಾರದೊಳಗೆ ಎಲ್ಲಿಂದ ತರುವುದು? ಸಿಗುವವರೆಗೆ ಆ ಸ್ಟೂಲಿನ ಮೇಲೆ ಯಾರು ಕೂರಬೇಕೆಂಬುದು ಅವನಿಗೆ ಆಗಲೇ ಗೊತ್ತಾಗಿತ್ತು. ಕಚೇರಿಯಲ್ಲಿ ಎಷ್ಟು ರಜೆ ಬಾಕಿಯಿದೆ ಎಂದು ಬೆರಳು ಮಡಿಸತೊಡಗಿದ. ಒಂದು ಕೈಯ ಬೆರಳುಗಳೇ ಸಾಕಾದವು.

ಗಾಡಿ ಬರುವ ಘೋಷಣೆಯ ನಡುವೆಯೇ ಫೋನು ಮತ್ತೆ ಮೊಳಗಿತು. ಗುರುತಿಲ್ಲದ ನಂಬರು. ಆಚೆ ಕಡೆ ಆಸ್ಪತ್ರೆಯ ಗದ್ದಲ, ಒಬ್ಬ ಹೆಂಗಸಿನ ಅಂಜಿದ ದನಿ.

“ಅಣ್ಣಾರ, ನಂಬರ್ ಇಲ್ಲಿ ಗ್ವಾಡಿಗೆ ಬರದಿತ್ರೀ. ನಮ್ಮ ಯಜಮಾನ್ರಿಗೆ ಮಧ್ಯಾಹ್ನದಿಂದ ಆರಾಮಿಲ್ರೀ. ಇಲ್ಲಿ ಡಾಕ್ಟರು ಏನ ಕೇಳಾಕತ್ಯಾರೋ ಒಂದೂ ತಿಳಿವಲ್ದು.”

ರುದ್ರಪ್ಪ ಇನ್ನೊಂದು ಕಿವಿಗೆ ಅಂಗೈ ಒತ್ತಿಕೊಂಡು, ಗಾಡಿಗೆ ಕಾದಿದ್ದ ಜನರ ನೂಕಾಟದಿಂದ ಒಂದು ಕಂಬದ ಮರೆಗೆ ಸರಿದ.

“ಅಂಜಬ್ಯಾಡವಾ. ಎಲ್ಲಿ ನೋವು ಐತಿ, ನನಗ ಹೇಳು. ಆಮ್ಯಾಲ ಫೋನ್ ಡಾಕ್ಟರ್ ಕೈಯಾಗ ಕೊಡು.”

ಅವನು ಕೇಳಿಸಿಕೊಳ್ಳುತ್ತಾ ನಿಂತ. ಗಾಡಿ ಬಂತು, ನಿಂತಿತು, ಹೋಯಿತು.